ಎಲ್ಮ್: ಸ್ಲೇಟಿನ ಊರು

ಅಪ್ಪ ಸ್ಲೇಟು ಕೈಗೆತ್ತಿಕೊಂಡವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದರು. "ಟಣ್ ಅಂತಿದೆ ನೋಡು. ಬಿರುಕಿಲ್ಲ" ಅಂದರು. ಸಾಗರದ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಮೇಷ್ಟರಾಗಿದ್ದವರು ಅವರು. ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿಗೆ ಬರುವ ಮಕ್ಕಳ ಹೊಸ ಸ್ಲೇಟುಗಳನ್ನು ಹೀಗೇ ಒಂದೊಂದಾಗಿ ತಟ್ಟಿ ನೋಡುತ್ತಿದ್ದರು. ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತೆ. ಅಂಥದ್ದನ್ನು ಅಂಗಡಿಗೆ ವಾಪಸ್ ಕೊಟ್ಟು ಬೇರೆ ತರೋಕೆ ಹೇಳುತ್ತಿದ್ದರು. ಆ ದಿನ ಅವರ ಕೈಯಲ್ಲಿದ್ದ ಸ್ಲೇಟು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳ ಮಧ್ಯದ ಎಲ್ಮ್ ಎಂಬ ಪುಟ್ಟ ಊರಿನದು. ಹಿಂದೆ ಶಾಲೆಯ ಸ್ಲೇಟು ಮಾಡುತ್ತಿದ್ದ ಕಾರ್ಖಾನೆಯನ್ನು ಆ ಊರಿನವರು ಹಾಗೇ ಉಳಿಸಿಕೊಂಡಿದ್ದಾರೆ, ಮೊದಲೇ ಹೇಳಿಟ್ಟರೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಎರಡು ವರ್ಷದಿಂದ ಆಸೆ ಇತ್ತು. ಕೆಲಸದ ಮೇಲೆ ಜ್ಯೂರಿಕ್‌ಗೆ ಬಂದ ಹೊಸತರಲ್ಲಿ ಒಮ್ಮೆ ಸುಮ್ನೆ ಸುತ್ತೋಕೆ ಅಂತ ಎಲ್ಮ್‌ಗೆ ಹೋಗಿದ್ದೆ. ಆಮೇಲೆ ಆ ಊರು ನನ್ನ ತಲೆಯಿಂದ ಹೋಗಲೇ ಇಲ್ಲ.

ಊರು ಎಲ್ಲಿದೆ ಅಂತ ಮೊದಲು ಹೇಳಿಬಿಡ್ತೀನಿ. ಸ್ವಿಟ್ಜರ್ಲೆಂಡಿನ ಪೂರ್ವ ಭಾಗದಲ್ಲಿ ಗ್ಲಾರುಸ್ ಅಂತ ಒಂದು ಚಿಕ್ಕ ರಾಜ್ಯ ಇದೆ. ಅದನ್ನು ಕ್ಯಾಂಟನ್ ಅಂತಾರೆ. ಜ್ಯೂರಿಕ್‌ನಿಂದ ರೈಲು ಹತ್ತಿ ಶ್ವಾಂಡೆನ್‌ನಲ್ಲಿ ಇಳಿದರೆ ಅಲ್ಲಿ ಬಸ್ ಕಾದಿರುತ್ತೆ. ಸೆರ್ನ್ಫ್ ಅನ್ನುವ ಹೊಳೆಯ ಪಕ್ಕದಲ್ಲೇ ಬಸ್ ಮೇಲೆ ಹತ್ತುತ್ತದೆ. ದಾರಿಯಲ್ಲಿ ಎಂಗಿ, ಆಮೇಲೆ ಮಟ್, ಕೊನೆಗೆ ಎಲ್ಮ್, ಎಲ್ಲಾ ಸೇರಿ ಅರ್ಧ ಗಂಟೆಯ ಹಾದಿ. 1905ರಿಂದ 1969ರವರೆಗೆ ಈ ದಾರಿಯಲ್ಲಿ ಪುಟ್ಟ ರೈಲೇ ಓಡುತ್ತಿತ್ತು. ಊರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮಡಿಕೇರಿಗಿಂತ ಸ್ವಲ್ಪ ಕೆಳಗೇ. ಆದರೆ ಸುತ್ತಲಿನ ಬೆಟ್ಟಗಳು ಮೂರು ಸಾವಿರ ಮೀಟರ್ ದಾಟುತ್ತವೆ. ಹೌಸ್‌ಸ್ಟಾಕ್ 3158 ಮೀಟರ್. ಊರಿನಿಂದ ಆಚೆ ಬೇರೆ ರಾಜ್ಯಕ್ಕೆ ಹೋಗೋಕೆ ವಾಹನದ ರಸ್ತೆಯೇ ಇಲ್ಲ. ನಡೆದೇ ಬೆಟ್ಟ ದಾಟಬೇಕು. ಒಂದು ಕಡೆ ಸೆಗ್ನೆಸ್ ಘಾಟಿ, ಇನ್ನೊಂದು ಕಡೆ ಪಾನಿಕ್ಸ್ ಘಾಟಿ, ಎರಡೂ ಎರಡು ಸಾವಿರದ ನಾನೂರು ಮೀಟರಿಗೂ ಮೇಲೆ. ಬಸ್ ಇಳಿದ ಅಪ್ಪ ಒಂದು ಸುತ್ತು ತಿರುಗಿ ನೋಡಿ, "ಬಾವಿಯ ತಳದಲ್ಲಿ ನಿಂತ ಹಾಗಿದೆಯಲ್ಲೋ" ಅಂದರು.

ಊರಿನ ಮನೆಗಳು ಮರದವು. ಬಿಸಿಲಿಗೆ ಕಪ್ಪು-ಕಂದು ಬಣ್ಣಕ್ಕೆ ತಿರುಗಿವೆ. ಸಾಲು ಸಾಲು ಸಣ್ಣ ಕಿಟಕಿಗಳು. ಇನ್ನೂರು ಮುನ್ನೂರು ವರ್ಷ ಹಳೆಯ ಮನೆಗಳಲ್ಲಿ ಜನ ಇನ್ನೂ ಸಂಸಾರ ಮಾಡಿಕೊಂಡಿದ್ದಾರೆ. ಊರನ್ನು ಕೆಡದ ಹಾಗೆ ಉಳಿಸಿಕೊಂಡಿದ್ದಕ್ಕೆ 1981ರಲ್ಲಿ ಎಲ್ಮ್‌ಗೆ ವಾಕರ್ ಪ್ರಶಸ್ತಿ ಬಂತು. ಹಳೆಯ ಕಟ್ಟಡಗಳನ್ನು ಕಾಪಾಡುವ ಊರುಗಳಿಗೆ ಸ್ವಿಟ್ಜರ್ಲೆಂಡಿನಲ್ಲಿ ಕೊಡುವ ದೊಡ್ಡ ಗೌರವ ಅದು.

ಮನೆಗಳಿಂದ ಕಣ್ಣು ಎತ್ತಿದರೆ ಚಿಂಗೆಲ್‌ಹ್ಯೋರ್ನರ್ ಶಿಖರಗಳು. ಗರಗಸದ ಹಲ್ಲಿನ ಹಾಗೆ ಸಾಲಾಗಿ ನಿಂತಿವೆ. ಆ ಸಾಲಿನ ಅಡ್ಡಕ್ಕೆ, ಯಾರೋ ಸ್ಕೇಲು ಇಟ್ಟು ಎಳೆದ ಹಾಗೆ ಒಂದು ಗೆರೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಅದು ಮೋಡದ ನೆರಳು ಅಂದುಕೊಂಡಿದ್ದೆ. ನೆರಳಲ್ಲ, ಎರಡು ಬೇರೆ ಬೇರೆ ಕಾಲದ ಕಲ್ಲುಗಳು ಕೂಡುವ ಜಾಗ ಅದು. ಗೆರೆಯ ಮೇಲಿರುವ ಕಲ್ಲಿಗೆ 25ರಿಂದ 30 ಕೋಟಿ ವರ್ಷ. ಕೆಳಗಿರುವುದಕ್ಕೆ ಬರೀ ಮೂರೂವರೆಯಿಂದ ಐದು ಕೋಟಿ ವರ್ಷ. ಅಂದರೆ ಅಜ್ಜ ಮೊಮ್ಮಗನ ಹೆಗಲ ಮೇಲೆ ಕೂತಿದ್ದಾನೆ. ಹಳೆಯ ಕಲ್ಲು ಕೆಳಗೆ, ಹೊಸದು ಮೇಲೆ ಇರಬೇಕಾದ್ದು ಪ್ರಕೃತಿಯ ಕ್ರಮ. ಇಲ್ಲಿ ಅದು ತಲೆಕೆಳಗಾಗಿದೆ.

ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಆರ್ನಾಲ್ಡ್ ಎಶರ್ ಈ ಬೆಟ್ಟಗಳನ್ನೆಲ್ಲ ಹತ್ತಿ ಇಳಿದು, ಹಳೆಯ ಕಲ್ಲೇ ಮೇಲಿದೆ ಅಂತ ಖಚಿತ ಮಾಡಿಕೊಂಡರು. ಆದರೆ ಇಷ್ಟು ದೊಡ್ಡ ಬಂಡೆಯ ಹಾಸು ಇಷ್ಟು ದೂರ ಜರುಗಿ ಬಂದು ಕೂತಿದೆ ಅಂದರೆ ಜನ ತನ್ನನ್ನು ಹುಚ್ಚ ಅಂದಾರು ಅನ್ನುವ ಅಳುಕು ಅವರಿಗಿತ್ತು. ಅದಕ್ಕೇ, ಎರಡು ಕಡೆಯಿಂದ ಕಲ್ಲು ಮಡಚಿಕೊಂಡು ಹೀಗಾಗಿದೆ ಅನ್ನುವ ವಿವರಣೆ ಕೊಟ್ಟರು. ಅವರ ಶಿಷ್ಯ ಅಲ್ಬರ್ಟ್ ಹೈಮ್ ಅದನ್ನೇ ಬೆಳೆಸಿದರು. 1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂಡ್ ಇಲ್ಲಿಗೆ ಬರದೇ, ಹೈಮ್ ಬರೆದಿದ್ದನ್ನೂ ಚಿತ್ರಿಸಿದ್ದನ್ನೂ ಓದಿಯೇ, ಇದು ಮಡಿಕೆಯಲ್ಲ, ದಕ್ಷಿಣದಿಂದ ಒಂದೇ ದೊಡ್ಡ ಹಾಸು ಮೇಲೆ ಸರಿದು ಬಂದಿದೆ ಅಂದರು. ಹೈಮ್ ಅದನ್ನು ಒಪ್ಪಿಕೊಳ್ಳೋಕೆ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಹಿಡಿಯಿತು. ಆದರೂ ಒಪ್ಪಿಕೊಂಡರು. ಅರ್ಧ ಆಯುಷ್ಯ ಸವೆಸಿ ಕಟ್ಟಿದ ಮಾತನ್ನು ತಾವೇ ಹಿಂದಕ್ಕೆ ತಗೊಂಡರಲ್ಲ, ಅದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ. ಈಗ ಈ ಇಡೀ ಪ್ರದೇಶ ಸಾರ್ಡೋನಾ ಅನ್ನುವ ಹೆಸರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, 2008ರಿಂದ. ಬೆಟ್ಟ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಹೊಲದಲ್ಲಿ ನಿಂತು ಬರಿಗಣ್ಣಿನಲ್ಲಿ ನೋಡಬಹುದಾದ ಜಾಗ ಲೋಕದಲ್ಲಿ ಎಷ್ಟಿದ್ದಾವು?

ಆ ಗೆರೆಗೆ ತುಸು ಕೆಳಗೆ ಒಂದು ತೂತಿದೆ. ಬೆಟ್ಟದ ಗೋಡೆಯಲ್ಲಿ ಆರಪಾರ ತೂತು. ಮಾರ್ಟಿನ್ಸ್‌ಲೋಖ್ ಅಂತ ಹೆಸರು, ಮಾರ್ಟಿನ್‌ನ ಕಿಂಡಿ ಅಂತ ಅರ್ಥ. ಕೆಳಗಿನಿಂದ ನೋಡಿದರೆ ಬಳಪದ ಚುಕ್ಕಿಯಷ್ಟು ಕಾಣುತ್ತದೆ, ಹತ್ತಿರ ಹೋದರೆ ಐದಾರು ಅಂತಸ್ತಿನ ಕಟ್ಟಡ ಹಿಡಿಸುವಷ್ಟು ಎತ್ತರ. ಊರಿನವರ ಕಥೆ ಹೀಗಿದೆ: ಮಾರ್ಟಿನ್ ಅನ್ನುವ ಕುರುಬ ಇಲ್ಲಿ ಕುರಿ ಮೇಯಿಸುತ್ತಿದ್ದ. ಬೆಟ್ಟದ ಆಚೆಯ ಫ್ಲಿಮ್ಸ್ ಕಡೆಯಿಂದ ಒಬ್ಬ ರಾಕ್ಷಸ ಕುರಿ ಕದಿಯೋಕೆ ಬಂದ. ಮಾರ್ಟಿನ್ ಕಬ್ಬಿಣದ ತುದಿಯ ತನ್ನ ಕೋಲನ್ನು ಬೀಸಿ ಎಸೆದ. ಅದು ರಾಕ್ಷಸನಿಗೆ ತಾಗದೆ ಬಂಡೆಗೆ ಬಡಿಯಿತು, ಗುಡುಗಿನಂಥ ಸದ್ದಾಗಿ ಬಂಡೆಯಲ್ಲಿ ಮೂರು ಮೂಲೆಯ ತೂತು ಬಿತ್ತು.

ವರ್ಷಕ್ಕೆ ಎರಡು ಸಲ, ಮಾರ್ಚ್ 12-13ರ ಆಸುಪಾಸು ಮತ್ತು ಸೆಪ್ಟೆಂಬರ್ 30-ಅಕ್ಟೋಬರ್ 1ರ ಆಸುಪಾಸು, ಬೆಳಗಿನ ಹೊತ್ತು ಸೂರ್ಯ ಸರಿಯಾಗಿ ಆ ಕಿಂಡಿಯ ಹಿಂದೆ ಬರುತ್ತಾನೆ. ಆಗ ಒಂದು ಬೆಳಕಿನ ಕೋಲು ಐದು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ದೂರ ಹಾದು ಊರಿನ ಚರ್ಚಿನ ಗೋಪುರದ ಮೇಲೆ ಬೀಳುತ್ತದೆ. ಊರಿನ ಉಳಿದ ಭಾಗ ಇನ್ನೂ ಬೆಟ್ಟದ ನೆರಳಿನಲ್ಲೇ ಇರುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿ ಸಂಜೆ ನಂದಿಯ ಕೊಂಬಿನ ನಡುವೆ ಬಿಸಿಲು ಬಂದು ಲಿಂಗದ ಮೇಲೆ ಬೀಳೋದು ಅಪ್ಪನಿಗೆ ಗೊತ್ತು. "ಅದು ಲೆಕ್ಕ ಹಾಕಿ ಮಾಡಿದ್ದು. ಇದು ತಾನಾಗೇ ಆಗಿದ್ದಾ?" ಅಂತ ಕೇಳಿದರು. ತೂತು ತಾನಾಗೇ ಆಗಿದ್ದು, ಆದರೆ ಚರ್ಚನ್ನು ಅಲ್ಲೇ ಯಾಕೆ ಕಟ್ಟಿದರು ಅನ್ನೋದನ್ನು ಕಟ್ಟಿದವರೇ ಹೇಳಬೇಕು ಅಂದೆ. ಅಪ್ಪನ ಪ್ರವಾಸವನ್ನು ನಾನು ಸೆಪ್ಟೆಂಬರ್ ಕೊನೆಗೆ ಇಟ್ಟಿದ್ದೇ ಇದಕ್ಕೆ.

ಈಗ ಸ್ಲೇಟಿಗೆ ಬರ್ತೀನಿ. ಗೆರೆಯ ಕೆಳಗಿನ ಆ ಎಳೆಯ ಕಲ್ಲು ಒಂದಾನೊಂದು ಕಾಲದಲ್ಲಿ ಸಮುದ್ರದ ತಳದ ಕೆಸರು. ಅದು ಒತ್ತಡಕ್ಕೆ ಸಿಕ್ಕಿ ಹಾಳೆ ಹಾಳೆಯಾಗಿ ಸೀಳುವ ಕಪ್ಪು ಕಲ್ಲಾಯಿತು. ಸೆರ್ನ್ಫ್ ಕಣಿವೆಯ ಜನ ನೂರಾರು ವರ್ಷಗಳಿಂದ ಅದನ್ನು ತೆಗೆಯುತ್ತಾ ಬಂದಿದ್ದಾರೆ. ಕೆಳಗಿನ ಊರು ಎಂಗಿಯ ಗಣಿ ಹಳೆಯದು, ಅದು 1961ರವರೆಗೂ ನಡೆಯಿತು. ಅಲ್ಲಿನ ಸ್ಲೇಟಿನಲ್ಲಿ ಮೀನಿನ ಅಚ್ಚುಗಳು ಸಿಕ್ಕಿವೆ, ಅದೂ ಈ ಬೆಟ್ಟದ ನಡುವೆ. ಕಲ್ಲನ್ನು ಮನೆ ಹೊದಿಸೋಕೆ, ಮೇಜಿನ ಹಲಗೆಗೆ ಬಳಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ದೇಶಗಳು ಒಂದೊಂದಾಗಿ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡುತ್ತಾ ಬಂದವು. ಶಾಲೆ ಅಂದರೆ ಸ್ಲೇಟು ಬೇಕು. ಎಲ್ಮ್‌ನವರು 1868ರಲ್ಲಿ ಊರಿನ ಪಕ್ಕದ ಚಿಂಗೆಲ್ ಗುಡ್ಡದಲ್ಲಿ ತಮ್ಮದೇ ಗಣಿ ಶುರು ಮಾಡಿದರು. ಹಸು ಸಾಕಿ, ಹುಲ್ಲು ಕೊಯ್ದು ಬದುಕುತ್ತಿದ್ದ ಜನಕ್ಕೆ ಮೊದಲ ಸಲ ಕೈಗೆ ನಗದು ಬರೋಕೆ ಶುರುವಾಯಿತು.

ಕಾರ್ಖಾನೆಯಲ್ಲಿ ನಮಗೆ ಸ್ಲೇಟು ಹೇಗೆ ಮಾಡುತ್ತಿದ್ದರು ಅಂತ ತೋರಿಸಿದರು. ಗಣಿಯಿಂದ ಬಂದ ಕಲ್ಲು ಹಸಿಯಾಗಿದ್ದಾಗಲೇ ಸೀಳಬೇಕು, ಒಣಗಿದರೆ ಹಠ ಮಾಡುತ್ತದೆ. ಚಪ್ಪಟೆ ಉಳಿಯನ್ನು ಅಂಚಿಗಿಟ್ಟು ಹಗುರಾಗಿ ತಟ್ಟಿದರೆ ಪುಸ್ತಕದ ಪುಟದ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅಳತೆಗೆ ಕತ್ತರಿಸಿ, ಎರಡೂ ಕಡೆ ಹೆರೆದು, ಉಜ್ಜಿ ನುಣುಪು ಮಾಡಿ, ಗೆರೆ ಕೊರೆದು, ಮರದ ಚೌಕಟ್ಟು ಹಾಕೋದು. ಅಪ್ಪ ಬಗ್ಗಿ ಆ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಉಗುರಿಗೆ ಮಾತ್ರ ಸಿಗುವಷ್ಟು ತೆಳು. ಒರೆಸಿದರೂ ಹೋಗದ ಗೆರೆ ಅದು, ಬರೆದದ್ದು ಮಾತ್ರ ಹೋಗುತ್ತದೆ. ತೋರಿಸುತ್ತಿದ್ದವರು ಕೊಟ್ಟ ಬಳಪದಿಂದ ಅಪ್ಪ ಮೇಲಿನ ಬಲ ಮೂಲೆಯಲ್ಲಿ ಆ ದಿನದ ತಾರೀಖು ಬರೆದರು, ಅಭ್ಯಾಸಬಲ. ನಾವು ಚಿಕ್ಕವರಿದ್ದಾಗ ನೀರುಕಡ್ಡಿ ಕಿತ್ತು ತಂದು ಸ್ಲೇಟು ಒರೆಸುತ್ತಿದ್ದೆವು ಅನ್ನೋದನ್ನು ನನ್ನ ಕೈಲಿ ಅವರಿಗೆ ಜರ್ಮನ್‌ನಲ್ಲಿ ಹೇಳಿಸಿದರು. ಅವರಿಗೆ ಬಹಳ ಖುಷಿಯಾಯಿತು. ಇಲ್ಲಿನ ಮಕ್ಕಳು ಸ್ಪಂಜಿನ ಚೂರನ್ನು ದಾರದಲ್ಲಿ ಸ್ಲೇಟಿಗೇ ಕಟ್ಟಿಕೊಳ್ಳುತ್ತಿದ್ದರಂತೆ.

ನಾವು ಬರೆದ ಸ್ಲೇಟು ಎಲ್ಮ್‌ನದ್ದಲ್ಲ. ನಮ್ಮ ಕಡೆಗೆ ಬರುತ್ತಿದ್ದದ್ದು ಹೆಚ್ಚಾಗಿ ಆಂಧ್ರದ ಮಾರ್ಕಾಪುರದ ಕಲ್ಲು. ಆದರೆ ಕೆಲಸ ಒಂದೇ, ಧೂಳೂ ಒಂದೇ. ಈ ಕಣಿವೆಯಲ್ಲಿ ಕಲ್ಲು ಉಜ್ಜುತ್ತಿದ್ದವರ ಎದೆಗೂಡಿನಲ್ಲಿ ಧೂಳು ಕೂತು ಉಸಿರು ಕಟ್ಟಿ ಸಾಯುತ್ತಿದ್ದರು. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಬಳಪ ಕೊಯ್ಯುತ್ತಿದ್ದವರೂ ಅದೇ ಕಾಯಿಲೆಯಲ್ಲಿ ಚಿಕ್ಕ ವಯಸ್ಸಿಗೇ ಹೋದರು. ಉತ್ತರ ಕರ್ನಾಟಕದಲ್ಲಿ ಸ್ಲೇಟಿಗೆ ಪಾಟಿ ಅಂತಾರೆ, ಮಕ್ಕಳ ಶಾಲೆಯ ಚೀಲಕ್ಕೆ ಇವತ್ತಿಗೂ ಪಾಟಿಚೀಲ. ಅಕ್ಷರ ಕಲಿಯೋದು ಅಂದರೇ ಆ ಕಪ್ಪು ಕಲ್ಲು ಅನ್ನುವಷ್ಟು ಹತ್ತಿರದ ವಸ್ತು. ಅದನ್ನು ಯಾರು ಎಲ್ಲಿ ಅಗೆದರು, ಏನು ತೆತ್ತು ಅಗೆದರು ಅಂತ ನಾವು ಕೇಳಿದ್ದೇ ಇಲ್ಲ ಅಲ್ವಾ?

ಎಲ್ಮ್ ತೆತ್ತ ಬೆಲೆ 1881ರ ಸೆಪ್ಟೆಂಬರ್ 11ನೇ ತಾರೀಖಿನದು.

ಗಣಿಯಲ್ಲಿ ಗುಡ್ಡದ ಬುಡವನ್ನೇ ಕೊರೆಯುತ್ತಾ ಹೋಗಿದ್ದರು. ಹದಿಮೂರು ವರ್ಷದಲ್ಲಿ ಸುಮಾರು 180 ಮೀಟರ್ ಅಗಲ, 60 ಮೀಟರ್ ಆಳ ಒಳಕ್ಕೆ ಕೊರೆದಾಗಿತ್ತು. ಮೇಲಿನ ಗುಡ್ಡ ಬಾಯಿ ತೆರೆದ ಆ ಸಂದಿನ ಮೇಲೆ ಜೋತುಕೊಂಡಿತ್ತು. ಗಣಿ ಕೆಲಸ ಗೊತ್ತಿದ್ದವರು ಆಧಾರಕ್ಕೆ ಕಲ್ಲಿನ ಕಂಬ ಬಿಟ್ಟುಕೊಂಡು ಹೋಗುತ್ತಾರೆ. ಇವರು ರೈತರು. ಸಿಕ್ಕ ಒಳ್ಳೆ ಕಲ್ಲನ್ನೆಲ್ಲ ತೆಗೆದರು. ಗಣಿಯ ಮೇಲ್ಭಾಗದ ಇಳಿಜಾರಿನಲ್ಲಿ ಕೆಲವು ವರ್ಷ ಮೊದಲೇ ಬಿರುಕು ಬಿಟ್ಟಿತ್ತು. ಅದು ಅಗಲವಾಗುತ್ತಲೇ ಬಂತು. ಆ ವರ್ಷ ಮಳೆ ಜಾಸ್ತಿ. ನೀರು ಬಿರುಕಿನೊಳಗೆ ಇಳಿಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕಲ್ಲುಗಳು ಉರುಳೋಕೆ ಶುರುವಾಗಿ ಗಣಿ ಕೆಲಸ ನಿಲ್ಲಿಸಬೇಕಾಯಿತು. 10ನೇ ತಾರೀಖು ಶನಿವಾರ ಅಧಿಕಾರಿಗಳು ಬಂದು ಜಾಗ ನೋಡಿದರು. ಗಣಿ ಸದ್ಯಕ್ಕೆ ಬೇಡ ಅಂದರು, ಜನ ಮನೆ ಬಿಡಬೇಕು ಅಂತ ಮಾತ್ರ ಅವರಿಗೂ ಅನ್ನಿಸಲಿಲ್ಲ.

ಮರುದಿನ ಭಾನುವಾರ. ಜನರೆಲ್ಲ ಮನೆಯಲ್ಲಿದ್ದರು. ಸಂಜೆ ಐದೂಕಾಲರ ಹೊತ್ತಿಗೆ ಗಣಿಯ ಒಂದು ಪಕ್ಕದಿಂದ ಗುಡ್ಡದ ಒಂದು ತುಂಡು ಜರಿದು ಬಿತ್ತು. ಕೆಳಗೆ ಊಂಟರ್‌ಟಾಲ್ ಅನ್ನುವ ಕೇರಿ ಇತ್ತು. ಅಲ್ಲಿಯವರು ಸಾಮಾನು ಹೊರಗೆ ಸಾಗಿಸೋಕೆ ಶುರು ಮಾಡಿದರು, ಮುದುಕರನ್ನು ಕರೆದೊಯ್ಯೋಕೆ ನೆಂಟರು ಓಡಿ ಬಂದರು, ಇನ್ನು ಕೆಲವರು ನೋಡುತ್ತಾ ನಿಂತರು. ಹದಿನೇಳು ನಿಮಿಷದ ಮೇಲೆ ಇನ್ನೊಂದು ಪಕ್ಕದಿಂದ ಎರಡನೇ ತುಂಡು ಬಿತ್ತು. ಅದು ದೊಡ್ಡದು. ಈಗ ಎಲ್ಲರೂ ಓಡಿದರು. ಬಹಳ ಜನ ಎದುರುಗಡೆಯ ಡ್ಯೂನಿಬೆರ್ಗ್ ದಿಬ್ಬ ಹತ್ತಿದರು. ಗುಡ್ಡ ಜರಿದರೆ ತಗ್ಗಿಗೆ ಬರುತ್ತೆ, ಎದುರಿನ ಏರಿಗೆ ಬರಲ್ಲ ಅನ್ನೋದು ಯಾರಿಗಾದರೂ ಹೊಳೆಯುವ ಲೆಕ್ಕ. ನಾಲ್ಕೇ ನಿಮಿಷದಲ್ಲಿ ಎರಡೂ ಪಕ್ಕದ ಆಧಾರ ಕಳಕೊಂಡ ನಡುವಿನ ಇಡೀ ಗುಡ್ಡ ಕುಸಿಯಿತು. ಗಣಿಯ ನೆಲಕ್ಕೆ ಬಡಿದು, ಅಲ್ಲಿಂದ ಮುಂದಕ್ಕೆ ನೆಗೆಯಿತು. ಆ ಕ್ಷಣ ಗಾಳಿಯಲ್ಲಿದ್ದ ಕಲ್ಲಿನ ರಾಶಿಯ ಅಡಿಯಿಂದ ಆಚೆಯ ಕಡೆ ಕಂಡಿತು ಅಂತ ದೂರದಿಂದ ನೋಡಿದವರು ಆಮೇಲೆ ಹೇಳಿದ್ದಾರೆ. ರಾಶಿ ಕಣಿವೆ ದಾಟಿ ಡ್ಯೂನಿಬೆರ್ಗ್‌ಗೆ ಅಪ್ಪಳಿಸಿ ಮೇಲೇರಿತು, ಅಲ್ಲಿದ್ದವರನ್ನು ಮುಚ್ಚಿತು, ಆಮೇಲೆ ಹೊಳೆಯ ದಿಕ್ಕಿಗೆ ತಿರುಗಿ ನೀರಿನ ಹಾಗೆ ಹರಿಯಿತು. ಕಲ್ಲು, ನೀರಿನ ಹಾಗೆ. ಸುಮಾರು ಒಂದು ಕೋಟಿ ಘನ ಮೀಟರ್. ಎಲ್ಲಾ ಮುಗಿಯೋಕೆ ಒಂದು ನಿಮಿಷವೂ ಹಿಡಿಯಲಿಲ್ಲ.

115 ಜನ ಸತ್ತರು. 83 ಕಟ್ಟಡಗಳು ಹೋದವು. ಸಾವಿರದ ಆಸುಪಾಸು ಜನ ಇದ್ದ ಊರು ಅದು. ಗಾಯ ಆದವರು ಬಹಳ ಕಡಿಮೆ. ಕಲ್ಲಿನ ಹರಿವಿನ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗಿತ್ತು, ಒಳಗಿದ್ದವರು ಹೋದರು, ನಾಲ್ಕು ಹೆಜ್ಜೆ ಹೊರಗಿದ್ದವರು ಉಳಿದರು. ಹತ್ತಾರು ಅಡಿ ಕಲ್ಲಿನ ಕೆಳಗೆ ಹೋದವರನ್ನು ಹೆಚ್ಚಾಗಿ ತೆಗೆಯೋಕೂ ಆಗಲಿಲ್ಲ.

ಇದನ್ನು ಹೇಳುವಾಗ ಅಪ್ಪ ಏನೂ ಮಾತಾಡದೆ ಕೇಳುತ್ತಿದ್ದರು. ಕೊನೆಗೆ, "ಧರೆ ಬುಡ ಕಡಿದರೆ ಏನಾಗುತ್ತೆ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು" ಅಂದರು. ಮಲೆನಾಡಿನಲ್ಲಿ ಧರೆ ಅಂದರೆ ಮನೆ ಹಿಂದಿನ, ರಸ್ತೆ ಪಕ್ಕದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಅದರ ಕೆಳಗೆ ಆಡಬೇಡಿ ಅಂತ ಬೈಸಿಕೊಂಡೇ ಬೆಳೆದವರು ನಾವು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಅಪ್ಪ ಟೀವಿ ಮುಂದೆ ಕೂತು ಊಟ ಬಿಟ್ಟಿದ್ದು ನನಗೆ ನೆನಪಿದೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಬಂದಾಗಲೂ ಅಷ್ಟೇ. ಗೊತ್ತಿದ್ದೂ ಕಡಿಯುತ್ತಾರೆ, ಯಾಕೆಂದರೆ ರಸ್ತೆ ಬೇಕು, ಜಾಗ ಬೇಕು, ಎಲ್ಮ್‌ನವರಿಗೆ ಕೂಲಿ ಬೇಕಿತ್ತು. ನಾನು ಎಲ್ಮ್‌ನವರನ್ನು ತಪ್ಪಿತಸ್ಥರು ಅನ್ನಲಾರೆ. ಚಳಿಗಾಲದಲ್ಲಿ ಹೊಟ್ಟೆಗೆ ಸಾಲದ ಊರಿಗೆ ಬೆಟ್ಟವೇ ದುಡ್ಡು ಕೊಡುತ್ತೇನೆ ಅಂದರೆ ಯಾರು ಬೇಡ ಅಂದಾರು?

ಅನಾಹುತ ಆದ ಮೇಲೆ ಎಲ್ಮ್‌ಗೆ ಬಂದು, ಅಳತೆ ಮಾಡಿ, ಬದುಕುಳಿದವರನ್ನು ಕೂರಿಸಿಕೊಂಡು ಅವರು ಕಂಡಿದ್ದನ್ನು ಬರೆದುಕೊಂಡವರು ಅದೇ ಅಲ್ಬರ್ಟ್ ಹೈಮ್. ದೊಡ್ಡ ಬೆಟ್ಟ ಜರಿದರೆ ಅದು ಬಿದ್ದಲ್ಲೇ ರಾಶಿಯಾಗಿ ನಿಲ್ಲುವುದಿಲ್ಲ, ಹರಿಯುತ್ತದೆ, ನಾವು ಅಂದಾಜಿಸುವುದಕ್ಕಿಂತ ಎಷ್ಟೋ ದೂರ ಹೋಗುತ್ತದೆ ಅನ್ನೋದನ್ನು ವಿಜ್ಞಾನ ಎಲ್ಮ್‌ನಿಂದ ಕಲಿಯಿತು. ಇವತ್ತಿಗೂ ಈ ವಿಷಯ ಓದುವವರು ಎಲ್ಮ್‌ನಿಂದಲೇ ಶುರು ಮಾಡುತ್ತಾರೆ. ಎಷ್ಟು ದೂರದವರೆಗೆ ಜನರನ್ನು ಖಾಲಿ ಮಾಡಿಸಬೇಕು ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿಂದ ಬೆಳೆಯುತ್ತಾ ಬಂತು. 2025ರ ಮೇ 28ರಂದು ವಾಲಿಸ್ ಕ್ಯಾಂಟನ್ನಿನ ಬ್ಲಾಟೆನ್ ಅನ್ನುವ ಊರಿನ ಮೇಲೆ ಬೆಟ್ಟವೂ ಹಿಮನದಿಯೂ ಒಟ್ಟಿಗೆ ಬಂದು ಬಿದ್ದವು. ಊರು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಯಿತು. ಆದರೆ ಸುಮಾರು ಮುನ್ನೂರು ಜನರನ್ನು ಒಂಬತ್ತು ದಿನ ಮೊದಲೇ ಕೆಳಗೆ ಕರೆತಂದಿದ್ದರು. ಒಬ್ಬರ ಜೀವ ಹೋಯಿತು. ಎಲ್ಮ್‌ಗೆ ಬಸ್ ಹತ್ತುವ ಶ್ವಾಂಡೆನ್‌ನಲ್ಲೂ 2023ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆಗಳು ಹೋದವು, ಜೀವ ಹೋಗಲಿಲ್ಲ. ಬೆಟ್ಟ ಜರಿಯೋದನ್ನು ತಡೆಯೋಕೆ ಯಾರಿಗೂ ಬಂದಿಲ್ಲ. ಬಿರುಕನ್ನು ನೋಡಿ ಹೊರಡಿ ಅಂತ ಹೇಳೋಕೆ ಬಂದಿದೆ, ಜನ ಹೊರಡುತ್ತಾರೆ ಕೂಡ. ಇದು ನಮ್ಮ ಕಡೆಯೂ ಆಗಬೇಕು ಅಂತ ನಾನು ತುಂಬಾ ಆಸೆಪಡ್ತೀನಿ.

ಎಲ್ಮ್‌ನ ಇತಿಹಾಸದಲ್ಲಿ ಇನ್ನೊಂದು ರಾತ್ರಿ ಇದೆ, 1881ಕ್ಕಿಂತ ಹಿಂದಿನದು. 1799ರಲ್ಲಿ ಫ್ರಾನ್ಸಿನ ವಿರುದ್ಧ ಹೋರಾಡುತ್ತಿದ್ದ ರಷ್ಯಾದ ಸೇನಾಪತಿ ಸುವೊರೊವ್ ಇಟಲಿಯಿಂದ ಗೊಟ್ಹಾರ್ಡ್ ದಾಟಿ ಬಂದ. ಜ್ಯೂರಿಕ್‌ನಲ್ಲಿದ್ದ ಇನ್ನೊಂದು ರಷ್ಯನ್ ಸೇನೆಯನ್ನು ಕೂಡಿಕೊಳ್ಳಬೇಕಿತ್ತು. ಅವನು ತಲುಪುವ ಮೊದಲೇ ಆ ಸೇನೆ ಸೋತಾಗಿತ್ತು. ಹಿಂದೆ ಮುಂದೆ ಫ್ರೆಂಚರು. ಸುಮಾರು ಎಪ್ಪತ್ತು ವರ್ಷದ ಆ ಮುದುಕ ಸಾವಿರಾರು ಹಸಿದ ಸೈನಿಕರನ್ನು ಕಟ್ಟಿಕೊಂಡು ಸೆರ್ನ್ಫ್ ಕಣಿವೆ ಹತ್ತಿದ. ಅಕ್ಟೋಬರ್ 5ರ ರಾತ್ರಿ ಎಲ್ಮ್‌ನಲ್ಲಿ ತಂಗಿದ. ಅವನು ಮಲಗಿದ್ದ ಮನೆ ಇವತ್ತಿಗೂ ಇದೆ, ಸುವೊರೊವ್ ಮನೆ ಅಂತಲೇ ಕರೀತಾರೆ. ಮರುದಿನ ಸೇನೆ ಪಾನಿಕ್ಸ್ ಘಾಟಿ ಹತ್ತೋಕೆ ಹೊರಟಿತು. ಆಗಲೇ ಹಿಮ ಬಿದ್ದು ದಾರಿ ಮುಚ್ಚಿತ್ತು. ಫಿರಂಗಿಗಳನ್ನು ಬಿಟ್ಟು ಹೋಗಬೇಕಾಯಿತು, ನೂರಾರು ಜನ ಜಾರಿಬಿದ್ದು, ಚಳಿಗೆ ಸತ್ತರು. ದೇಶದೇಶಗಳಲ್ಲಿ ಆ ಪ್ರಯಾಣವನ್ನು ಸಾಹಸ ಅಂತ ಹೊಗಳುತ್ತಾರೆ. ನನಗೆ ಮಾತ್ರ ಆ ರಾತ್ರಿಯ ಊರು ನೆನಪಾಗುತ್ತದೆ. ಚಳಿಗಾಲಕ್ಕೆ ಅಂತ ಕೂಡಿಟ್ಟ ಗಿಣ್ಣು, ಒಣಹುಲ್ಲು, ಕಟ್ಟಿಗೆ, ಕೊಟ್ಟಿಗೆಯ ಹಸು. ಅವರು ಹೋದ ಮೇಲೆ ಉಳಿದದ್ದೇನು?

ಹಸಿವು ಈ ರಾಜ್ಯದವರನ್ನು ಸಮುದ್ರದಾಚೆಗೂ ಕಳಿಸಿದೆ. 1845ರಲ್ಲಿ ಗ್ಲಾರುಸ್‌ನ ನೂರಕ್ಕೂ ಹೆಚ್ಚು ಜನ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿ ನ್ಯೂ ಗ್ಲಾರುಸ್ ಕಟ್ಟಿಕೊಂಡರು. ಇಲ್ಲೇ ಉಳಿದವರಲ್ಲಿ ಬಹಳಷ್ಟು ಜನ ಕೆಳಗಿನ ಊರುಗಳಲ್ಲಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಗಿರಣಿಗಳಿಗೆ ಸೇರಿದರು. ಆ ಬಟ್ಟೆಗೆ ಆಗ ಯುರೋಪಿನಲ್ಲಿ ಇದ್ದ ಹೆಸರು ಇಂಡಿಯೆನ್. ನಮ್ಮ ಛೀಂಟಿನ ಬಟ್ಟೆ ನೋಡಿ ಕಲಿತದ್ದು ಅನ್ನೋದು ಹೆಸರಲ್ಲೇ ಇದೆ.

ಇಷ್ಟೆಲ್ಲಾ ಕಂಡ ಎಲ್ಮ್ ಈಗ ಪಂಚಾಯ್ತಿ ಅಲ್ಲ. ನಾನು ಪಂಚಾಯ್ತಿ ಅನ್ನುತ್ತಿರುವುದು ಅವರು ಗೆಮೈಂಡೆ ಅನ್ನುವುದಕ್ಕೆ. ಗ್ಲಾರುಸ್‌ನಲ್ಲಿ ಒಂದು ಪದ್ಧತಿ ಇದೆ. ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಮತದಾರರು ಊರ ಬಯಲಲ್ಲಿ ನಿಂತು, ಕೈ ಎತ್ತಿ, ಕಾನೂನು ಮಾಡುತ್ತಾರೆ. ಲಾಂಡ್ಸ್‌ಗೆಮೈಂಡೆ ಅಂತ ಅದರ ಹೆಸರು. ಯಾವ ಮತದಾರ ಬೇಕಾದರೂ ಎದ್ದು ತಿದ್ದುಪಡಿ ಹೇಳಬಹುದು. 2006ರಲ್ಲಿ 25 ಪಂಚಾಯ್ತಿಗಳನ್ನು 10ಕ್ಕೆ ಇಳಿಸೋಣ ಅಂತ ಸರ್ಕಾರ ಪ್ರಸ್ತಾಪ ತಂದಿತ್ತು. ಬಯಲಲ್ಲಿ ನಿಂತ ಜನ ಅದಕ್ಕೂ ಮುಂದೆ ಹೋಗಿ ಮೂರೇ ಸಾಕು ಅಂದುಬಿಟ್ಟರು. ಮುಂದಿನ ವರ್ಷ ಮತ್ತೆ ಸಭೆ ಸೇರಿದಾಗಲೂ ಅದನ್ನೇ ಎತ್ತಿಹಿಡಿದರು. 2011ರ ಜನವರಿ 1ರಿಂದ ಎಲ್ಮ್ ಗ್ಲಾರುಸ್ ಸ್ಯೂಡ್, ಅಂದರೆ ದಕ್ಷಿಣ ಗ್ಲಾರುಸ್, ಅನ್ನುವ ದೊಡ್ಡ ಪಂಚಾಯ್ತಿಯ ಒಂದು ಹಳ್ಳಿ. ಆರೇಳು ನೂರು ಜನರ ಊರಿಗೆ ಶಾಲೆ, ರಸ್ತೆ, ಅಗ್ನಿಶಾಮಕ ದಳ, ಲೆಕ್ಕಪತ್ರ ಎಲ್ಲವನ್ನೂ ಒಬ್ಬಂಟಿಯಾಗಿ ನಡೆಸೋದು ಕಷ್ಟ. ಅದು ನನಗೆ ಅರ್ಥವಾಗುತ್ತದೆ. ಆದರೂ ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಬದಲು ಮೂಲದ ಊರು ಬರೆಯುತ್ತಾರೆ, ನಮ್ಮಲ್ಲಿ ಹೆಸರಿನ ಮುಂದೆ ಊರಿನ ಮೊದಲಕ್ಷರ ಇಟ್ಟುಕೊಂಡ ಹಾಗೆ. ಅಂಥ ದೇಶದಲ್ಲಿ ಒಂದು ಊರು ತನ್ನ ಆಡಳಿತವನ್ನು ಬಿಟ್ಟುಕೊಡೋದು ಸಣ್ಣ ಮಾತಲ್ಲ.

ಹೆಸರು ಬೇರೆ ದಾರಿಯಲ್ಲಿ ಉಳಿದುಕೊಂಡಿದೆ. ಇಲ್ಲಿನ ಚಿಲುಮೆಯ ನೀರಿನಿಂದ ಮಾಡುವ ಎಲ್ಮರ್ ಸಿಟ್ರೋ ಅನ್ನುವ ನಿಂಬೆ ಸೋಡಾ 1927ರಿಂದ ಇದೆ, ದೇಶದ ಉದ್ದಗಲಕ್ಕೂ ಸಿಗುತ್ತದೆ. ಸ್ಕೀ ಓಟಗಾರ್ತಿ ಫ್ರೇನಿ ಶ್ನೈಡರ್ ಈ ಊರಿನ ಮಗಳು. 1964ರಲ್ಲಿ ಹುಟ್ಟಿ, 1988 ಮತ್ತು 1994ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು ಮೂರು ಚಿನ್ನ, ವಿಶ್ವಕಪ್ಪಿನಲ್ಲಿ 55 ಗೆಲುವು. ಊರಿನ ಇನ್ನೊಂದು ಪಕ್ಕದ ಕೆರ್ಪ್ಫ್ ಬೆಟ್ಟಗಳಲ್ಲಿ 1548ರಿಂದ ಬೇಟೆ ನಿಷೇಧ. ಯುರೋಪಿನ ಅತಿ ಹಳೆಯ ವನ್ಯಜೀವಿ ಆಶ್ರಯಗಳಲ್ಲಿ ಅದೊಂದು.

ಆ ರಾತ್ರಿ ಊರಿನಲ್ಲೇ ಉಳಿದುಕೊಂಡೆವು. ಬೆಳಗ್ಗೆ ಎದ್ದಾಗ ಮೋಡ ಇತ್ತು, ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಎಂಟೂವರೆ ಹೊತ್ತಿಗೆ ಬಿಚ್ಚಿಕೊಂಡಿತು. ಚರ್ಚಿನ ಬಳಿ ಆಗಲೇ ಮೂವತ್ತು ನಲವತ್ತು ಜನ ಸೇರಿದ್ದರು, ಕೈಯಲ್ಲಿ ಬಿಸಿ ಚಹಾದ ಫ್ಲಾಸ್ಕು, ಮಕ್ಕಳ ತಲೆಗೆ ಉಣ್ಣೆ ಟೋಪಿ. ಅಪ್ಪ ಮಫ್ಲರ್ ಸುತ್ತಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದರು. ಒಂಬತ್ತೂವರೆ ಆಗಿತ್ತು ಅನ್ನಿಸುತ್ತೆ. ಮೊದಲು ಕಿಂಡಿಯ ಅಂಚು ಬೆಳ್ಳಗಾಯಿತು. ಆಮೇಲೆ ಅಲ್ಲಿಂದ ಹಿಮದ ಪುಡಿ ಬೆರೆತ ಗಾಳಿಯಲ್ಲಿ ಒಂದು ಬೆಳಕಿನ ಪಟ್ಟಿ ಓರೆಯಾಗಿ ಇಳಿಯೋದು ಕಂಡಿತು, ಗೋಪುರದ ಮೈ ಹಳದಿಯಾಯಿತು. ಯಾರೂ ಮಾತಾಡಲಿಲ್ಲ. ಎರಡು ನಿಮಿಷ ಇದ್ದಿರಬೇಕು. ಸೂರ್ಯ ಮತ್ತೆ ಬಂಡೆಯ ಹಿಂದೆ ಸರಿದ, ಊರು ಮತ್ತೆ ತಣ್ಣಗಾಯಿತು. ಜನ ಒಬ್ಬೊಬ್ಬರಾಗಿ ಹೊರಟರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆಳಗಿನ ನಿಲ್ದಾಣದವರೆಗೆ ನಡೆದೇ ಹೋದೆವು. ಊಂಟರ್‌ಟಾಲ್ ಕಡೆ ಈಗ ಹುಲ್ಲುಗಾವಲು. ಹಸುಗಳ ಕೊರಳ ಗಂಟೆ ಕೇಳುತ್ತಿತ್ತು. ನೆರಳಿನಲ್ಲಿ ನೋಡಿದರೆ ಸಮತಟ್ಟಾದ ಹಸಿರು, ಅಲ್ಲೊಂದು ಇಲ್ಲೊಂದು ಬಂಡೆ, ಅಷ್ಟೇ. ಅಷ್ಟರಲ್ಲಿ ಸೂರ್ಯ ಶಿಖರದ ಮೇಲಿಂದ ಸರಿಯಾಗಿ ಹುಟ್ಟಿ ಬಂದ. ಓರೆ ಬಿಸಿಲು ಹುಲ್ಲಿನ ಮೇಲೆ ಬಿದ್ದದ್ದೇ, ಸಮತಟ್ಟು ಅಂದುಕೊಂಡಿದ್ದ ಬಯಲಿನಲ್ಲಿ ಉಬ್ಬುಗಳು ಕಾಣಿಸಿಕೊಂಡವು. ಪ್ರತಿ ಉಬ್ಬಿಗೂ ಒಂದು ನೆರಳು. ಹುಲ್ಲಿನಡಿ ಕಲ್ಲು ಎಲ್ಲೆಲ್ಲಿ ಮಲಗಿದೆ ಅಂತ ಒಂದೊಂದಾಗಿ ತಿಳಿಯುತ್ತಾ ಹೋಯಿತು, ಹೊಳೆಯವರೆಗೂ, ಅದರಾಚೆಗೂ. ಅಪ್ಪ ಬೇಲಿ ಹಿಡಿದು ನಿಂತು, ಬೆರಳು ಮಾಡಿ, ಮನಸ್ಸಿನಲ್ಲೇ ಎಣಿಸತೊಡಗಿದರು. ಬಸ್ ಬಂದಾಗ ಅವರ ಲೆಕ್ಕ ಇನ್ನೂ ಮುಗಿದಿರಲಿಲ್ಲ.